ಬಿಚ್ಚುವ ದಿನವಿಲ್ಲದ ಹೊದಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೇಸಿಗೆಯ ಕೊನೆ ಎಂದರೆ ಮುಚ್ಚುವ ಕಾಲ. ಮೇ ತಿಂಗಳು ಮುಗಿಯುವುದರೊಳಗೆ ಮಣ್ಣಿನ ಗೋಡೆಗೆ ತಟ್ಟಿ ಕಟ್ಟಬೇಕು, ಕಟ್ಟಿಗೆ ರಾಶಿಗೆ ಸೋಗೆ ಹೊದೆಸಬೇಕು. ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಬೇಕು, ಇಲ್ಲವೇ ಸುಣ್ಣ, ಮೈಲುತುತ್ತ ಕಲಸಿದ ಬೋರ್ಡೋ ಮದ್ದು ಹೊಡೆಯಬೇಕು. ವರ್ಷಕ್ಕೆ 2500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಮುಚ್ಚದೆ ಬಿಟ್ಟದ್ದು ಉಳಿಯುವುದಿಲ್ಲ. ಆದರೆ ಈ ಹೊದಿಕೆಗಳನ್ನು ಸ್ವಲ್ಪ ಗಮನಿಸಿ ನೋಡಿ. ಇವಕ್ಕೆಲ್ಲ ಕಟ್ಟುವ ದಿನ ಇರುವ ಹಾಗೆ ಬಿಚ್ಚುವ ದಿನವೂ ಇದೆ. ದೀಪಾವಳಿಯ ಹೊತ್ತಿಗೆ ತಟ್ಟಿ ಬಿಚ್ಚುತ್ತಾರೆ. ಗೋಡೆ ಎಲ್ಲಿ ಕರಗಿದೆ, ಗೆದ್ದಲು ಎಲ್ಲಿ ಹತ್ತಿದೆ ಎಂದು ಆಗ ಕಾಣುತ್ತದೆ. ಕೊನೆಕೊಯ್ಲಿನಲ್ಲಿ ಕೊನೆಯ ಜೊತೆಗೆ ಕೊಟ್ಟೆಯೂ ಇಳಿಯುತ್ತದೆ. ಮುಂದಿನ ವರ್ಷದ್ದು ಹೊಸದು.

ನಾನು ಬರೆಯಹೊರಟಿರುವುದು ಬಿಚ್ಚುವ ದಿನವೇ ಇಲ್ಲದ ಒಂದು ಹೊದಿಕೆಯ ಬಗ್ಗೆ. ಹಳೆಯ ಕಾರುಗಳ ಅಡಿಗೆ, ತುಕ್ಕು ಹಿಡಿಯದಿರಲಿ ಎಂದು ಬಳಿಯುತ್ತಿದ್ದ ಡಾಂಬರಿನ ಬಗ್ಗೆ. ಅದನ್ನು ತೆಗೆಯುವುದು ಹೇಗೆ ಎಂಬುದು ಗ್ಯಾರೇಜಿನ ಪ್ರಶ್ನೆ. ತೆಗೆಯಬಹುದೆ ಎಂಬುದು ಬೇರೆ ಪ್ರಶ್ನೆ. ಒಬ್ಬರು ಕಾಳಜಿಯಿಂದ ಬಳಿದು ಹೋದ ರಕ್ಷಣೆಯನ್ನು ಅವರ ನಂತರ ಬಂದವರು ಕೆರೆದು ಹಾಕಬಹುದೆ? ಕೆರೆಯಲೇಬೇಕಾಗುವುದು ಯಾವಾಗ? ಕೆರೆದವರ ಮೇಲೆ ಬೀಳುವ ಹೊಣೆ ಎಷ್ಟು?

ಕಾರು ನನ್ನ ದೊಡ್ಡಪ್ಪನದು. 1974ರ ಮಾರ್ಕ್ 2 ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಗಾಡಿ. ದೊಡ್ಡಪ್ಪ ಅದನ್ನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದಾಗ ಸಿದ್ದಾಪುರ ಕಡೆಯ ನಮ್ಮ ಮೂಲಮನೆಗೆ ಇದ್ದದ್ದು ಕೆಮ್ಮಣ್ಣಿನ ದಾರಿ. ಮಳೆಗಾಲದಲ್ಲಿ ಚಕ್ರದ ಮೇಲಿನ ಗೂಡಿನ ತುಂಬ ಕೆಸರು ಮೆತ್ತಿಕೊಂಡು, ವಾರಗಟ್ಟಲೆ ಒಣಗದೆ ಹಾಗೇ ಇರುತ್ತಿತ್ತು. ಅದಕ್ಕೆ ದೊಡ್ಡಪ್ಪ ಕಂಡುಕೊಂಡ ಉಪಾಯ ಇದು: ಪ್ರತಿ ಮೇ ತಿಂಗಳು ಡಾಂಬರು ಕಾಸಿ, ಹಳೇ ಎಂಜಿನ್ ಆಯಿಲ್ ಬೆರೆಸಿ, ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ಮಲಗಿ ಬ್ರಶ್ಶಿನಿಂದ ಬಳಿಯುವುದು. ಅದೇ ವಾರದಲ್ಲಿ ಮನೆಯ ತೊಲೆ, ಪಕಾಸಿಗಳಿಗೆ ಗೇರೆಣ್ಣೆ. ಎರಡಕ್ಕೂ ಅವರ ಲೆಕ್ಕ ಒಂದೇ. ಮರಕ್ಕೆ ಗೆದ್ದಲು, ಕಬ್ಬಿಣಕ್ಕೆ ತುಕ್ಕು; ಎರಡೂ ಕಪ್ಪು ಬಣ್ಣಕ್ಕೆ ಹೆದರುತ್ತವೆ.

ಅವರು ಹೋದ ಮೇಲೆ ಕಾರು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಹಲವು ವರ್ಷ ನಿಂತಿತ್ತು. ಈಗ ಅವರ ಮಗ, ನನ್ನ ತಮ್ಮ, ಅದನ್ನು ಮತ್ತೆ ಓಡಿಸಬೇಕೆಂದು ಹೊರಟ. ಓಡಿಸುವುದೆಂದರೆ ಅಂಗಳದಲ್ಲಿ ಒಂದು ಸುತ್ತು ಹಾಕುವುದಲ್ಲ. ದೊಡ್ಡಾಯಿಯನ್ನೂ ತನ್ನಿಬ್ಬರು ಮಕ್ಕಳನ್ನೂ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿಬರುವುದು. ಅಂಬಾಸಿಡರಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಹಿಂದಿನ ಲೀಫ್ ಸ್ಪ್ರಿಂಗ್ ಜೋಡಿಸಿದ ಜಾಗ, ಇವೆಲ್ಲ ಒಂದಾಗಿಯೇ ಗಾಡಿಯ ಬೆನ್ನೆಲುಬು. ಆ ತಗಡು ಎಷ್ಟು ಗಟ್ಟಿ ಎಂದು ತಿಳಿಯದೆ ಘಟ್ಟ ಇಳಿಯುವಂತಿಲ್ಲ. ತಿಳಿಯಬೇಕೆಂದರೆ ದೊಡ್ಡಪ್ಪನ ಡಾಂಬರು ಅಡ್ಡ.

ಕಾರನ್ನು ಲಾರಿಯೊಂದರ ಮೇಲೆ ಹೇರಿ ಯಲ್ಲಾಪುರಕ್ಕೆ ಒಯ್ಯುವುದೆಂದು ಮಾತಾಯಿತು. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಊರು ಅದು. ಅರಬೈಲ್ ಘಟ್ಟ ಹತ್ತಿಳಿಯುವ ಲಾರಿಗಳ ರಿಪೇರಿ ಮಾಡಿ ಮಾಡಿ ಅಲ್ಲಿಯವರಿಗೆ ವೆಲ್ಡಿಂಗ್ ಕೈಗೆ ಕೂತಿದೆ. ಹೊರಡುವ ಹಿಂದಿನ ದಿನ ದೊಡ್ಡಾಯಿ ಕೇಳಿದ್ದು ಒಂದೇ ಮಾತು: "ಅದ್ನ ತೆಗೆದ್ರೆ ಕಾರು ಉಳಿತಾ ತಮಾ?" ಅದರಲ್ಲಿ ಎರಡು ಪ್ರಶ್ನೆಗಳಿದ್ದವು. ಗಾಡಿ ಉಳಿಯುತ್ತದೆಯೇ ಎಂಬುದು ಒಂದು. ಅವರ ಯಜಮಾನರು ಮಾಡಿದ ಕೆಲಸದಲ್ಲಿ ಏನಾದರೂ ಉಳಿಯುತ್ತದೆಯೇ ಎಂಬುದು ಇನ್ನೊಂದು.

ಡಾಂಬರಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹೊಸದಾಗಿ ಬಳಿದಾಗ ಅದು ಮೆತ್ತಗಿರುತ್ತದೆ. ಕಲ್ಲು ಸಿಡಿದರೆ ತಗ್ಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ನೀರು ಒಳಗೆ ಬಿಡುವುದಿಲ್ಲ. ವರ್ಷಗಳು ಕಳೆದ ಹಾಗೆ ಅದರೊಳಗಿನ ಹಗುರ ಎಣ್ಣೆಗಳು ಹಾರಿಹೋಗಿ ಅದು ಗಡುಸಾಗುತ್ತದೆ, ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗೆ ಜಿನುಗುತ್ತದೆ. ಬಂದ ದಾರಿಯಲ್ಲಿ ಹಿಂತಿರುಗಿ ಒಣಗುವುದಕ್ಕೆ ಅದಕ್ಕೆ ಆಗುವುದಿಲ್ಲ. ಕಬ್ಬಿಣ, ನೀರು, ಗಾಳಿ ಮೂರೂ ಒಂದೇ ಕಡೆ ಸಿಕ್ಕಿಕೊಂಡವು. ತುಕ್ಕಿಗೆ ಅಷ್ಟೇ ಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಹಾಗೆ ಉಬ್ಬಿ ಡಾಂಬರನ್ನು ತಗಡಿನಿಂದ ಎಬ್ಬಿಸುತ್ತದೆ. ಎದ್ದ ಸಂದಿನಲ್ಲಿ ಇನ್ನಷ್ಟು ನೀರು. ಹೊರಗಿನಿಂದ ನೋಡಿದರೆ ಮಾತ್ರ ಕಪ್ಪಗೆ, ಒಪ್ಪವಾಗಿ, ಬಳಿದವರ ಬ್ರಶ್ಶಿನ ಗೆರೆಯ ಸಮೇತ ಎಲ್ಲ ಸರಿಯಾಗಿಯೇ ಇರುತ್ತದೆ.

ಹಾಗಾಗಿ ನನಗೆ ಮುಖ್ಯವೆನಿಸಿದ ಭೇದ ಹಳೆಯದು, ಹೊಸದು ಎಂಬುದಲ್ಲ. ಹಿಡಿದುಕೊಂಡಿರುವ ಹೊದಿಕೆ ಮತ್ತು ಬಿಟ್ಟುಹೋಗಿಯೂ ಜಾಗ ಬಿಡದ ಹೊದಿಕೆ, ಭೇದ ಇರುವುದು ಇವೆರಡರ ನಡುವೆ. ಹಿಡಿದುಕೊಂಡಿರುವುದು ಐವತ್ತು ವರ್ಷ ಹಳೆಯದಾದರೂ ಕಾಯುತ್ತಿದೆ. ಬಿಟ್ಟುಹೋದದ್ದು ಬರಿಗಬ್ಬಿಣಕ್ಕಿಂತ ಕಡೆ. ಬರಿಗಬ್ಬಿಣ ನೆನೆದರೂ ಬಿಸಿಲಿಗೆ ಒಣಗುತ್ತದೆ, ಕೆಂಪಾದರೆ ಕಣ್ಣಿಗೆ ಬೀಳುತ್ತದೆ. ಬಿಟ್ಟುಹೋದ ಹೊದಿಕೆ ಒದ್ದೆಯನ್ನು ಕಾಪಾಡುತ್ತದೆ, ನೋಡುವ ಕಣ್ಣನ್ನು ತಡೆಯುತ್ತದೆ. ಕಬ್ಬಿಣವನ್ನು ಕಾಯಲು ಬಂದದ್ದು ಈಗ ತುಕ್ಕನ್ನು ಕಾಯುತ್ತಿರುತ್ತದೆ.

ಇವೆರಡನ್ನು ಗುರುತಿಸುವ ವಿಧಾನ ಬಹಳ ಸರಳ. ಯಲ್ಲಾಪುರದ ಮೇಸ್ತ್ರಿ ಸ್ಕ್ರೂಡ್ರೈವರನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಕಾರಿನ ಅಡಿಯನ್ನು ಅಂಗುಲ ಅಂಗುಲವಾಗಿ ಬಡಿಯುತ್ತ ಹೋದರು. ಹಲಸಿನಕಾಯಿ ಬೆಳೆದಿದೆಯೇ ಎಂದು ಬಡಿದು ನೋಡುವ ಹಾಗೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುವ ಸದ್ದು, ಬಿಟ್ಟುಹೋದಲ್ಲಿ ದಬ್ ಎನ್ನುವ ಸದ್ದು. ದಬ್ ಎಂದಲ್ಲೆಲ್ಲ ಸೀಮೆಸುಣ್ಣದ ಗುರುತು. ನೆಲದ ನಡುಭಾಗ ಹೆಚ್ಚುಕಡಿಮೆ ಪೂರ್ತಿ ಟಣ್. ಚಕ್ರದ ಗೂಡುಗಳು, ಬಾಗಿಲ ಕೆಳಗಿನ ಪಟ್ಟಿಯ ಹಿಂಭಾಗ, ಡಿಕ್ಕಿಯ ಮೂಲೆಗಳು ದಬ್.

ಗುರುತು ಹಾಕಿದ ಕಡೆ ಮಾತ್ರ ಕೆಲಸ ಶುರುವಾಯಿತು. ಮೊದಲು ಪೆಟ್ರೋಲ್ ಟ್ಯಾಂಕು ಇಳಿಸಿದರು. ಡಾಂಬರಿಗೆ ನೇರ ಬೆಂಕಿ ತೋರಿಸುವಂತಿಲ್ಲ. ಬಿಸಿಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ ಅಗಲ ಬ್ಲೇಡಿನಲ್ಲಿ ಎಬ್ಬಿಸಬೇಕು. ಅಂಟಿ ಉಳಿದದ್ದಕ್ಕೆ ಸೀಮೆಎಣ್ಣೆಯ ಬಟ್ಟೆ. ಕೊನೆಗೆ ತಂತಿಬ್ರಶ್ಶು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ಲೇಪಗಳಲ್ಲಿ ಕಲ್ನಾರು ಇರಬಹುದು. ಆದ್ದರಿಂದ ಒಣಗಿಸಿ ಧೂಳೆಬ್ಬಿಸುವುದಿಲ್ಲ, ಮೂಗು ಬಾಯಿ ಮುಚ್ಚದೆ ಕೆಳಗೆ ಮಲಗುವುದಿಲ್ಲ. ಪದರದ ಕೆಳಗೆ ಪದರ ಎದ್ದವು. ಎರಡು ಪದರಗಳ ನಡುವೆ ಕೆಮ್ಮಣ್ಣು, ಒಂದು ಕಡೆ ಒಣಗಿದ ದರಕೆಲೆಯ ಚೂರು. ದೊಡ್ಡಪ್ಪ ಪ್ರತಿ ವರ್ಷ ಬಳಿದಿದ್ದರು. ಯಾವ ವರ್ಷವೂ ಕೆರೆದಿರಲಿಲ್ಲ. ಆ ದಾರಿ, ಆ ಕಾಲ, ಆ ಕೈಗೆ ಸಿಕ್ಕ ಸಾಮಾನು, ಇವುಗಳಲ್ಲಿ ಅವರು ಮಾಡಿದ್ದು ಅತ್ಯುತ್ತಮವೇ ಆಗಿತ್ತು. ಅವರ ಹತ್ತಿರ ಕೊಟ್ಟೆ ಕಟ್ಟುವ ವಿದ್ಯೆ ಇತ್ತು, ಬಿಚ್ಚುವ ವಿದ್ಯೆಯೂ ಇತ್ತು. ಅಡಿಕೆಗೆ ಇದ್ದ ಕೊಯ್ಲಿನ ದಿನ ಕಾರಿಗೆ ಇರಲಿಲ್ಲ, ಅಷ್ಟೆ.

ಬಾಗಿಲ ಕೆಳಗಿನ ಪಟ್ಟಿಯಲ್ಲಿ ಡಾಂಬರಿನ ಹಲ್ಲೆ ಎದ್ದು ಬಂದಾಗ ಅದರ ಜೊತೆ ತಗಡೂ ಬಂತು. ಅಂಗೈ ಅಗಲದ ತೂತು. ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೆರೆಯದೆ ಇದ್ದಿದ್ರೆ ಇನ್ನೂ ಹತ್ತು ವರ್ಷ ಹಾಗೇ ಇರ್ತಿತ್ತೇನೋ" ಎಂದ. ಈ ಇಡೀ ವಿಷಯದ ಗಂಟು ಇರುವುದು ಆ ಮಾತಿನಲ್ಲಿ. ಕೆರೆದದ್ದರಿಂದ ತೂತು ಆಯಿತೆ, ಅಥವಾ ಇದ್ದ ತೂತು ಕಂಡಿತೆ?

ಕಂಡಿತು ಅಷ್ಟೆ ಎನ್ನುವುದು ಸುಲಭದ ಉತ್ತರ, ಆದರೆ ಪೂರ್ತಿ ಪ್ರಾಮಾಣಿಕವಲ್ಲ. ಆ ಕ್ಷಣದವರೆಗೆ ಡಾಂಬರು ಮತ್ತು ತುಕ್ಕು ಸೇರಿ ಒಂದು ಆಕಾರವನ್ನು ಹಿಡಿದಿಟ್ಟಿದ್ದವು. ನಿಂತ ಕಾರಿಗೆ ಆ ಆಕಾರ ಸಾಕಿತ್ತು. ಬ್ಲೇಡು ಹಾಕಿದ ಮೇಲೆ ಅದೂ ಇಲ್ಲ. ಕೆರೆಯುವವನು ಬರೀ ನೋಡುವವನಾಗಿ ಉಳಿಯುವುದಿಲ್ಲ, ಇದ್ದ ಸ್ಥಿತಿಯನ್ನು ಬದಲಿಸುತ್ತಾನೆ. ಹಾಗಾದರೆ ಕೆರೆಯುವ ಹಕ್ಕು ಎಲ್ಲಿಂದ ಬರುತ್ತದೆ? ಅದರ ಮೇಲೆ ಭಾರ ಹಾಕಲು ಹೊರಟವರಿದ್ದಾರೆ ಎಂಬುದರಿಂದ ಬರುತ್ತದೆ ಎಂದು ನನಗೆ ತೋರುತ್ತದೆ. ಕಾರು ಮಾಡಿನಲ್ಲಿ ನೆನಪಿಗಾಗಿ ನಿಂತಿರುವುದಾಗಿದ್ದರೆ ಡಾಂಬರು ಮುಟ್ಟಲು ಕಾರಣವೇ ಇರಲಿಲ್ಲ. ಸತ್ಯ ತಿಳಿಯಬೇಕು ಎಂಬ ಹುರುಪೊಂದೇ ಸಾಕಾಗುವ ಕಾರಣವಲ್ಲ. ಆದರೆ ಏಳು ವರ್ಷದ ಹುಡುಗಿಯೊಬ್ಬಳು ಆ ನೆಲದ ಮೇಲೆ ಕಾಲಿಟ್ಟು ಕೂರುವವಳಿದ್ದಾಳೆ ಎಂದಾದರೆ, ನೆಲ ಇದೆಯೇ ಎಂದು ನೋಡದೆ ಕೂರಿಸುವುದು ತಪ್ಪು.

ಕಾನೂನು ಕೂಡ ವಿಚಿತ್ರವಾಗಿ ಇದೇ ಕವಲಿಗೆ ತಂದು ನಿಲ್ಲಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈಯಲ್ಲಿ ಆದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರದ ಸ್ವಂತ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ. ನೋಡುವ ವಸ್ತುವೋ ಏರುವ ಗಾಡಿಯೋ ಎಂದು ಮೊದಲು ತೀರ್ಮಾನಿಸಬೇಕು. ತಮ್ಮ ಏರುವ ಗಾಡಿ ಎಂದ. ಆ ಮಾತಿನಿಂದಲೇ ಡಾಂಬರಿನ ಹಣೆಬರಹವೂ ತೀರ್ಮಾನವಾಯಿತು.

ಮೂಲ ರೂಪ ಎಂಬ ಮಾತು ಸಹ ಅಷ್ಟು ನೇರವಾದದ್ದಲ್ಲ. ಕಾರ್ಖಾನೆಯಿಂದ ಬಂದಾಗ ದೊಡ್ಡಪ್ಪನ ಡಾಂಬರು ಇರಲಿಲ್ಲ. ಅದನ್ನು ತೆಗೆದರೆ ಕಾರು ಮೂಲಕ್ಕೆ ಹತ್ತಿರವಾಗುತ್ತದೆ; ಅದೇ ಹೊತ್ತಿಗೆ ನಮ್ಮ ಮನೆಯ ಕಾರು ಎಂಬುದರಿಂದ ಸ್ವಲ್ಪ ದೂರವಾಗುತ್ತದೆ. 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನ, ರಥದಲ್ಲಿ ಬಂದ ರಾಜ ಮಿಲಿಂದನನ್ನು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ. ಇವೆಲ್ಲ ಕೂಡಿದಾಗ ನಾವು ಕೊಡುವ ಹೆಸರು ರಥ. ಅಲ್ಲಿನ ವಾದ ಆತ್ಮದ ಬಗ್ಗೆ. ಯಲ್ಲಾಪುರದ ಗ್ಯಾರೇಜಿನಲ್ಲಿ ನಿಂತಾಗ ನನಗೆ ಅದರ ಇನ್ನೊಂದು ಮಗ್ಗುಲು ಹೊಳೆಯಿತು. ಹೆಸರು ಯಾವುದೋ ಒಂದು ಭಾಗದಲ್ಲಿ ಇಲ್ಲದಿರುವುದರಿಂದಲೇ, ಕೊಳೆತ ಭಾಗವನ್ನು ಬದಲಿಸಿಯೂ ಹೆಸರನ್ನು ಮುಂದುವರಿಸಬಹುದು. ದೊಡ್ಡಾಯಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು.

ಇನ್ನರ್ಧಕ್ಕೆ ಪುರಿಯ ಉದಾಹರಣೆ ನೋಡಬಹುದು. ಅಲ್ಲಿಯ ಜಗನ್ನಾಥ ದೇವಾಲಯದ ಮೇಲೆ ಕಾಲಕಾಲಕ್ಕೆ ಸುಣ್ಣದ ಗಾರೆ ಬಳಿಯುತ್ತ ಬಂದಿದ್ದರು. ಸಮುದ್ರದ ಉಪ್ಪುಗಾಳಿಯಿಂದ ಕಲ್ಲನ್ನು ಅದು ಕಾಯುತ್ತಿತ್ತು. ಆ ಬಿಳುಪು ನೋಡಿಯೇ ಯುರೋಪಿನ ನಾವಿಕರು ಅದನ್ನು ಬಿಳಿ ಪಗೋಡ ಎಂದೂ ಕೋನಾರ್ಕವನ್ನು ಕರಿ ಪಗೋಡ ಎಂದೂ ಕರೆದದ್ದು. 1970ರ ದಶಕದಲ್ಲಿ ಪುರಾತತ್ವ ಇಲಾಖೆ ಆ ಗಾರೆಯನ್ನು ಬಿಡಿಸತೊಡಗಿತು. ಶತಮಾನಗಳಿಂದ ಯಾರೂ ಕಾಣದ ಕೆತ್ತನೆಗಳು ಹೊರಬಂದವು. ಕಲ್ಲಿಗೆ ಆಗಿದ್ದ ಹಾನಿಯೂ ಹೊರಬಂತು. ಗಾರೆ ಬಳಿದವರು ಶಿಲ್ಪದ ವೈರಿಗಳಾಗಿರಲಿಲ್ಲ. ಬಿಡಿಸಿದವರು ಭಕ್ತಿಯ ವೈರಿಗಳಾಗಿರಲಿಲ್ಲ. ಆದರೆ ಬಿಡಿಸಿದ ದಿನದಿಂದ ಆ ಕಲ್ಲಿನ ಕಾವಲು ಬಿಡಿಸಿದವರದಾಯಿತು. ಮುಂಚಿನವರ ಕೆಲಸ ಅಲ್ಲಿ ಉಳಿಯುವುದು ಗಾರೆಯಾಗಿ ಅಲ್ಲ, ಕಾವಲಾಗಿ.

ಕೆರೆಯುವವರಿಗೆ ಒಂದು ಅಪಾಯವಿದೆ, ಅದನ್ನೂ ಹೇಳಬೇಕು. ಕೆರೆಯುವುದು ಚಟ ಹತ್ತಿಸುವ ಕೆಲಸ. ಒಂದು ತೂತು ಸಿಕ್ಕಿದ ಮೇಲೆ ಇನ್ನೊಂದು ಸಿಗಲಿ ಎಂದು ಮನಸ್ಸು ಹಂಬಲಿಸುತ್ತದೆ. ಟಣ್ ಎಂದ ಕಡೆಗೂ ಬ್ಲೇಡು ಹೊರಳುತ್ತದೆ. ತಮ್ಮ ನೆಲದ ನಡುಭಾಗವನ್ನೂ ಪೂರ್ತಿ ತೆಗೆದುಬಿಡೋಣ ಎಂದಾಗ ಮೇಸ್ತ್ರಿ ಒಪ್ಪಲಿಲ್ಲ. "ಹಿಡ್ಕೊಂಡಿದ್ದನ್ನ ಬಿಡಿಸಿದ್ರೆ ನೀವೇ ಗಾಯ ಮಾಡ್ದಂಗೆ ಆಗತೈತ್ರಿ" ಎಂದರು. ಮೂಢನಂಬಿಕೆ, ಕುಟುಂಬದ ಗುಟ್ಟು, ಹಳೆಯ ಆಚಾರ, ಯಾವುದನ್ನೇ ಕೆರೆಯಲು ಕೂತವರಿಗೂ ಈ ಮಾತು ಸಲ್ಲುತ್ತದೆ. ಎಲ್ಲವೂ ಟೊಳ್ಳು ಎಂದು ಮೊದಲೇ ತೀರ್ಮಾನಿಸಿದವರು ಬಡಿದು ನೋಡುವುದಿಲ್ಲ. ಎಲ್ಲವೂ ಗಟ್ಟಿ ಎನ್ನುವವರೂ ಬಡಿದು ನೋಡುವುದಿಲ್ಲ.

ಹೊಣೆಯ ಮಾತಿಗೆ ಬಂದರೆ, ನನಗೆ ಕಂಡದ್ದು ಮೂರು. ಮೊದಲನೆಯದು ಕಾಲ. ಮಳೆಗೆ ಮುಂಚೆ ಮತ್ತೆ ಮುಚ್ಚಲು ಆಗದಿದ್ದರೆ ತೆರೆಯಬಾರದು. ಬರಿಗಬ್ಬಿಣ ನಮ್ಮ ಕಡೆಯ ಗಾಳಿಯಲ್ಲಿ ಒಂದು ರಾತ್ರಿಗೇ ಕೆಂಪಾಗುತ್ತದೆ. ಎರಡನೆಯದು ಕಸ. ಕೆರೆದದ್ದು ಎಲ್ಲಿ ಹೋಗುತ್ತದೆ? ಡಾಂಬರು, ಹಳೇ ಆಯಿಲ್, ಬಣ್ಣದ ಪುಡಿ, ಸೀಮೆಎಣ್ಣೆ ತೊಳೆದ ನೀರು ಇವನ್ನು ಅಂಗಳದಲ್ಲಿ ಬಿಟ್ಟರೆ ತೋಟದ ಕಾಲುವೆ, ಅಲ್ಲಿಂದ ಹಳ್ಳ, ಅಲ್ಲಿಂದ ಹೊಳೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಹೊಳೆಗೆ ಅಘನಾಶಿನಿ, ಪಾಪ ಕಳೆಯುವವಳು ಎಂದು ಹೆಸರಿಟ್ಟ ಸೀಮೆ ನಮ್ಮದು. ಹೆಸರಿದೆ ಎಂದು ಪಾಪವನ್ನೆಲ್ಲ ಅವಳಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಲಾಗದು. ಕೆಳಗೆ ತಾಡಪತ್ರಿ ಹಾಸಿ, ಉದುರಿದ್ದನ್ನೆಲ್ಲ ಡಬ್ಬಿಯಲ್ಲಿ ತುಂಬಿ, ಗ್ಯಾರೇಜಿನ ಹಳೇ ಆಯಿಲ್ಲಿನ ಜೊತೆ ಇಡಿಸಿದೆವು. ಮೂರನೆಯದು ತುಂಬಿಕೊಡುವುದು. ಕೊಳೆತ ತಗಡು ಕತ್ತರಿಸಿ, ಗಟ್ಟಿ ಅಂಚು ಸಿಗುವವರೆಗೆ ಹೋಗಿ, ಅಲ್ಲಿಂದ ಹೊಸ ತಗಡು ವೆಲ್ಡ್ ಮಾಡಿಸುವುದು. ತೂತು ತೋರಿಸಿ ಎದ್ದು ಹೋಗುವವರಿಗಿಂತ ಡಾಂಬರು ಬಳಿದವರೇ ಮೇಲು.

ತುಕ್ಕು ಉಳಿದ ಸಣ್ಣ ಗುಳಿಗಳಿಗೆ ಹಚ್ಚುವ ದ್ರಾವಣಗಳಲ್ಲಿ ಕೆಲವಕ್ಕೆ ಟ್ಯಾನಿನ್ ಆಧಾರ. ಅದು ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಅಡಿಕೆ ಸೀಮೆಯವರಿಗೆ ಇದು ಹೊಸತಲ್ಲ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದೂ ಟ್ಯಾನಿನ್ನೇ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದು ಅದರಿಂದಲೇ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಾಡುತ್ತಿದ್ದ ಹಳೆಯ ಶಾಯಿಯಲ್ಲಿ ಇದ್ದದ್ದೂ ಇದೇ ಕಪ್ಪು. ಅದರ ಮೇಲೆ ರೆಡ್ ಆಕ್ಸೈಡ್. ಆ ಬಣ್ಣದ ಪುಡಿ ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ಹತ್ತಿರದ ದಾಯಾದಿ. ನಮ್ಮ ಕೆಮ್ಮಣ್ಣಿನ ಕೆಂಪು, ಶಿರಸಿ ಮಾರಿಕಾಂಬಾ ಗುಡಿಯ ಗೋಡೆಯ ಕಾವಿ ಚಿತ್ರದ ಕೆಂಪು, ಎಲ್ಲ ಒಂದೇ ಬಳಗ. ಕಬ್ಬಿಣ ಕೊನೆಗೆ ಹೋಗಬಯಸುವ ಸ್ಥಿತಿಯನ್ನೇ ಅದರ ಮೇಲೆ ತೆಳ್ಳಗೆ ಬಳಿದು, ಹೋಗುವುದನ್ನು ಕೆಲವು ವರ್ಷ ಮುಂದೂಡುತ್ತೇವೆ.

ಮುಂದೂಡುವುದು ಅಷ್ಟೆ. ತಾಮ್ರದ ಕಿಲುಬು ತಾಮ್ರಕ್ಕೆ ಕಾವಲಾಗುತ್ತದೆ, ಅಲ್ಯೂಮಿನಿಯಮ್ಮಿನ ಆಕ್ಸೈಡೂ ಹಾಗೆಯೇ. ದಿಲ್ಲಿಯ ಕಬ್ಬಿಣದ ಕಂಬ ತನ್ನೊಳಗಿನ ರಂಜಕದಿಂದಲೇ ಮೈಮೇಲೆ ಒಂದು ತೆಳು ಪದರ ಕಟ್ಟಿಕೊಂಡು 1600 ವರ್ಷಗಳಿಂದ ನಿಂತಿದೆ. ನಮಗೆ ಹತ್ತಿರದ ಕೊಡಚಾದ್ರಿಯಲ್ಲಿ, ಆ ಮಳೆಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯೆದುರೂ ಒಂದು ಹಳೆಯ ಕಬ್ಬಿಣದ ಕಂಬ ನಿಂತಿದೆ. ಒಳಗಿನಿಂದ ಬಂದ ಕಾವಲಿಗೆ ಬಿಚ್ಚುವ ದಿನ ಬೇಕಾಗಿಲ್ಲ. ಹೊರಗಿನಿಂದ ಬಳಿದದ್ದಕ್ಕೆ ಬೇಕು. ಕಾರಿನ ತಗಡಿನ ಹಾಗೆ ನಮ್ಮ ಬಹುಪಾಲು ರಕ್ಷಣೆಗಳು, ಮಕ್ಕಳಿಗೆ ಹಾಕುವ ಕಟ್ಟುಪಾಡು, ಮನೆಯ ಮರ್ಯಾದೆ, ಹೇಳದೆ ಉಳಿಸಿದ ಮಾತು, ಹೊರಗಿನಿಂದ ಬಳಿದವೇ. ಅವನ್ನು ಬಳಿಯುವುದು ತಪ್ಪೆಂದು ನಾನು ಹೇಳಲಾರೆ, ಮಳೆ ಸುಳ್ಳಲ್ಲವಲ್ಲ. ಬಡಿದು ನೋಡುವ ದಿನವೊಂದನ್ನು ಇಡದೆ ಬಳಿಯುವುದು, ಮುಂದಿನವರಿಗೆ ತೂತನ್ನೂ ಕಟ್ಟಿಕೊಟ್ಟ ಹಾಗೆ.

ಹೊಸ ಲೇಪ ಬಳಿದದ್ದು ಮೇ ಕೊನೆಯ ವಾರ. ನೆಲದ ನಡುಭಾಗದ ದೊಡ್ಡಪ್ಪನ ಡಾಂಬರು, ಬ್ರಶ್ಶಿನ ಗೆರೆಯ ಸಮೇತ, ಇದ್ದ ಹಾಗೇ ಇದೆ. ಅದಕ್ಕೂ ಹೊಸದಕ್ಕೂ ನಡುವೆ ಎದ್ದು ಕಾಣುವ ಅಂಚೊಂದಿದೆ. ಆ ಅಂಚನ್ನು ಮರೆಸುವುದು ಬೇಡ ಎಂದೆವು. ಕಾರಿನ ಕಾಗದಪತ್ರದ ಚೀಲದಲ್ಲಿ ತಮ್ಮ ಒಂದು ಹಾಳೆ ಬರೆದಿಟ್ಟಿದ್ದಾನೆ: ಎಲ್ಲೆಲ್ಲಿ ತೆರೆದೆವು, ಎಲ್ಲೆಲ್ಲಿ ಬಿಟ್ಟೆವು, ಎಲ್ಲಿ ತಗಡು ಹೊಸದು. ಕೊನೆಯ ಸಾಲು, "ಪ್ರತಿ ದೀಪಾವಳಿಗೆ ಬಡಿದು ನೋಡುವುದು." ದೊಡ್ಡಾಯಿ ಅದನ್ನು ಓದಿಸಿಕೊಂಡು ಕೇಳಿ, ಹಾಳೆಯ ಮೇಲ್ಗಡೆ ಯಜಮಾನರ ಹೆಸರನ್ನೂ ಬರೆಯಲು ಹೇಳಿದರು. ಮೊದಲು ಬಳಿದವರು ಎಂದು.